ಎರೆ ಮಣ್ಣಿನ ಮೇಲೆ ಇಂಗ್ಲಿಷ್

ಹೋದ ವರ್ಷ ಶಾಲೆ ಶುರುವಾದ ವಾರವೇ ನಮ್ಮ ಇಂಗ್ಲಿಷ್ ಮಾಸ್ತರರಿಗೆ ಇಂಡಿ ಕಡೆಗೆ ವರ್ಗವಾಯಿತು. ಅವರು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಮ್ಮದು ಸಿಂದಗಿ ತಾಲ್ಲೂಕಿನಲ್ಲಿ, ಮೋರಟಗಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಯವರೆಗೆ ಇದೆ. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ, ಹೆಸರು ಮಂಜರಿ. ದಿನಾ ಸಿಂದಗಿಯಿಂದ ಬಸ್ಸಿಗೆ ಬಂದು ಹೋಗುವವಳು.

ನಮ್ಮ ಮುಖ್ಯ ಶಿಕ್ಷಕಿ ಮುಕ್ತಾಬಾಯಿಯವರು ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಎಲ್ಲರನ್ನೂ ಆಫೀಸು ಕೋಣೆಗೆ ಕರೆದರು. ಅದರಲ್ಲಿ ಏಳನೆಯ ತರಗತಿಯ ಇಂಗ್ಲಿಷಿನ ಚೌಕದ ಮನೆ ಖಾಲಿ ಇತ್ತು. ಅವರು ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನೇ ನೋಡುತ್ತ ಬಂದು ಬಾಗಿಲ ಹತ್ತಿರ ನಿಂತಿದ್ದ ಸುಭಾಸ ಸರ್ ಮೇಲೆ ಕಣ್ಣು ನಿಲ್ಲಿಸಿದರು.

"ಸುಭಾಸ ಸರ್, ಇದನ್ನ ನೀವು ತಗೋರಿ."

ಸುಭಾಸ ಸರ್ ನಮ್ಮ ದೈಹಿಕ ಶಿಕ್ಷಕರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಮೈದಾನದಲ್ಲಿ ನಿಂತು ಕೂಗಿದರೆ ಹೊಲದಲ್ಲಿ ಕಸ ತೆಗೆಯುವವರೂ ತಲೆ ಎತ್ತಿ ನೋಡುವಂಥ ದನಿ. ಆ ದನಿ ಅವತ್ತು ಎಲ್ಲಿ ಹೋಯಿತೋ.

"ಬಾಯಾರ, ಬ್ಯಾರೆ ಏನರ ಹೇಳ್ರಿ. ಬಿಸಿಯೂಟದ ಹೊಣಿ ಕೊಡ್ರಿ, ಸಂಡಾಸ ತೊಳಸು ಅಂದ್ರ ನಿಂತು ತೊಳಸ್ತೇನಿ. ಇಂಗ್ಲಿಷ್ ಅಷ್ಟು ಬ್ಯಾಡ್ರಿ."

"ಯಾಕ?"

"ಎಸ್ಸೆಸ್ಸೆಲ್ಸಿಯೊಳಗ ಅದರಾಗ ಎರಡು ಸಲ ಫೇಲ್ ಆಗೇನ್ರಿ. ಮೂರನೇ ಸಲ ಹ್ಯಾಂಗ ಪಾಸಾದೆ ಅನ್ನೂದು ನನಗೂ ತಿಳಿದಿಲ್ಲ."

ಮುಕ್ತಾಬಾಯಿ ನಗಲಿಲ್ಲ. "ನಾ ಗಣಿತ, ವಿಜ್ಞಾನ ಎರಡೂ ಹೊತ್ತೀನಿ. ಮಂಜರಿ ಟೀಚರಿಗೆ ಕನ್ನಡದ ಜೋಡಿ ಹಿಂದಿ ಅದ. ಮಂಜೂರ ಸರ್ ಸಣ್ಣ ಹುಡುಗೂರನ್ನ ಬಿಟ್ಟು ಬರ್ಲಿಕ್ಕೆ ಆಗೂದಿಲ್ಲ. ಮಕ್ಕಳು ವರ್ಷಪೂರ್ತಿ ಖಾಲಿ ಕೂಡಬೇಕೇನು? ನೀವ ಹೇಳ್ರಿ" ಎಂದರು.

ಸುಭಾಸ ಸರ್ ಮುಂದೆ ಬಂದು ಮೇಜಿನ ಮೇಲಿದ್ದ ಇಂಗ್ಲಿಷ್ ಪುಸ್ತಕ ತೆಗೆದುಕೊಂಡರು. ಅದನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.

ಸುಭಾಸ ಸರ್ ಊರು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ. ಕೃಷ್ಣಾ ಹೊಳೆಯ ದಂಡೆ. ಅಪ್ಪ ರಾವಸಾಬ ಕೂಲಿ ಮಾಡಿ ಮಗನನ್ನು ಓದಿಸಿದವರು. ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಮಗನ ಖೋ-ಖೋ ಪದಕಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಚಿಕ್ಕಂದಿನಲ್ಲಿ ಇಂಗ್ಲಿಷ್ ಪಿರಿಯಡ್ ಬಂತೆಂದರೆ ಸುಭಾಸ ಶಾಲೆಯ ಹಿಂದಿನಿಂದ ಇಳಿದು ಹೊಳೆಗೆ ಹಾರುತ್ತಿದ್ದನಂತೆ. "ಆ ಭಾಷಾದಿಂದ ನನಗ ಬಂದ ಲಾಭ ಅಂದ್ರ ಈಜು" ಎಂದು ಅವರೇ ನಮಗೆ ಹೇಳಿ ನಗಿಸುತ್ತಿದ್ದರು. ಆದರೆ ಆ ನಗೆಯ ಹಿಂದೆ ಒಂದು ಮಾತಿತ್ತು. ಜಿಲ್ಲಾ ತಂಡದಲ್ಲಿ ಆಡುವಾಗ ಹೊರಗಿನ ರಾಜ್ಯದ ತರಬೇತುದಾರರೊಬ್ಬರು ಇವರನ್ನು ಕರೆದು ಇಂಗ್ಲಿಷಿನಲ್ಲಿ ಏನನ್ನೋ ಕೇಳಿದ್ದರಂತೆ. ಇವರು ತಲೆ ತಗ್ಗಿಸಿ ನಿಂತಿದ್ದರು. ಆ ಮನುಷ್ಯ ಹೆಗಲು ತಟ್ಟಿ ಮುಂದಿನವನ ಹತ್ತಿರ ಹೋದರು. ಅವರು ಕೇಳಿದ್ದೇನು ಎಂಬುದು ಸುಭಾಸ ಸರ್‌ಗೆ ಇವತ್ತಿಗೂ ಗೊತ್ತಿಲ್ಲ.

ಮೊದಲ ವಾರ ಪಾಠ ಹೇಗೆ ನಡೆಯಿತೆಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನನ್ನ ಕೋಣೆ ಪಕ್ಕದ್ದೇ. ಅವರು ಗೈಡು ನೋಡಿಕೊಂಡು ಓದುವುದು, ಮಕ್ಕಳು ಅದನ್ನೇ ಒಂದೇ ರಾಗದಲ್ಲಿ ಹೇಳುವುದು. ಪಾಠದಲ್ಲಿ ಒಂದು ನಡುಗಡ್ಡೆಯ ಕಥೆಯಿತ್ತು. ಸರ್ ಅದನ್ನು "ಇಸ್‌ಲ್ಯಾಂಡ್" ಎಂದು ಓದಿದರು. ಇಡೀ ತರಗತಿ "ಇಸ್‌ಲ್ಯಾಂಡ್" ಎಂದಿತು. ಯಾರೂ ನಗಲಿಲ್ಲ. ನಗಬೇಕಾದರೆ ಯಾರಿಗಾದರೂ ಸರಿಯಾದದ್ದು ಗೊತ್ತಿರಬೇಕಲ್ಲ.

ಮರುದಿನ ಅವರು ಪುಸ್ತಕ ತೆರೆಯದೆ ಹಲಗೆಯ ಮುಂದೆ ನಿಂತರು.

"ನಿನ್ನಿ ನಾ ಒಂದು ತಪ್ಪು ಹೇಳೇನಿ. ಅದು ಇಸ್‌ಲ್ಯಾಂಡ್ ಅಲ್ಲ, ಐಲ್ಯಾಂಡ್. ನಡುವಿನ ಎಸ್ ಮಾತಾಡೂದಿಲ್ಲ. ಕಬಡ್ಡಿಯೊಳಗ ಔಟ್ ಆದವನ ಗತೆ ಸುಮ್ಮ ಕುಂತಿರತೈತಿ."

ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಸರ್ರ, ನಿಮಗ ಯಾರು ಹೇಳಿದ್ರಿ?"

"ಫೋನ್ ಹೇಳಿತು. ಅದರಾಗ ಕೇಳಿದೆ."

"ಅಂದ್ರ ನಿಮಗೂ ಬರೂದಿಲ್ಲೇನ್ರಿ?"

"ಬರೂದಿಲ್ಲವಾ. ಅದಕ್ಕ ಕಲಿಯಾಕತ್ತೇನಿ. ನೀವೂ ಬರ್ರಿ, ಕೂಡೇ ಕಲಿಯೂಣು."

ಆ ಪ್ರಶ್ನೆ ಕೇಳಿದವಳು ಪಲ್ಲವಿ. ಕೇಳಿ ನನಗೇ ಆಶ್ಚರ್ಯವಾಯಿತು, ಏಕೆಂದರೆ ನನ್ನ ಪಿರಿಯಡ್ಡಿನಲ್ಲಿ ಆ ಹುಡುಗಿ ಬಾಯಿ ಬಿಟ್ಟಿದ್ದೇ ಇಲ್ಲ. ಅವಳ ಅಪ್ಪ ಪುಣೆಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು. ಅವಳು ಅಲ್ಲಿಯೇ ಮರಾಠಿ ಶಾಲೆಯಲ್ಲಿ ಓದಿ, ಹಿಂದಿನ ವರ್ಷವಷ್ಟೇ ಅಜ್ಜಿ ಗುಂಡವ್ವನ ಮನೆಗೆ ಬಂದಿದ್ದಳು. ಕನ್ನಡ ಓದುವಾಗ ನಡುನಡುವೆ ಮರಾಠಿ ನುಸುಳುತ್ತಿತ್ತು. ಉಳಿದವರು ಮುಸಿಮುಸಿ ನಗುತ್ತಿದ್ದರು, "ಪುಣೇದಾಕಿ" ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಯಾರೂ ಅವಳಿಗಿಂತ ಮುಂದಿರಲಿಲ್ಲ. ಮಾಸ್ತರರೂ ಸೇರಿ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿದ್ದರು.

ಅದೇ ವಾರ ಸಂಜೆ ನಾನು ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಮೈದಾನದಲ್ಲಿ ಖೋ-ಖೋ ನಡೆದಿತ್ತು. ಸುಭಾಸ ಸರ್ ಗೆರೆಯ ಆಚೆ ನಿಂತು ಕೂಗುತ್ತಿದ್ದರು: "ಸಿಟ್! ಗೆಟ್ ಅಪ್! ರನ್, ರನ್! ಟರ್ನ್ ಲೆಫ್ಟ್! ನಾಟ್ ದ್ಯಾಟ್ ಸೈಡ್!" ಕೂಗಿದವರು ಹಾಗೆಯೇ ನಿಂತುಬಿಟ್ಟರು. ಸೀಟಿ ಕೈಯಿಂದ ಜಾರಿತು. ಆಟ ಬಿಟ್ಟು ನನ್ನ ಹತ್ತಿರ ಓಡಿ ಬಂದರು.

"ಟೀಚರ್, ನಾ ಈಗ ಯಾವ ಭಾಷಾದಾಗ ಒದರಿದೆ?"

"ಇಂಗ್ಲಿಷ್‌ನಾಗ್ರಿ."

"ಹುಡುಗೂರಿಗೆ ತಿಳೀತಲ್ರಿ?"

"ತಿಳೀತಲ್ಲ, ಓಡಾಕತ್ತಾರ ನೋಡ್ರಿ."

"ಅಯ್ಯ ಇವನ! ಇಪ್ಪತ್ತು ವರ್ಷದಿಂದ ನಾ ಇಂಗ್ಲಿಷ್ ಕಲಸಾಕತ್ತೇನಿ, ನನಗ ಸುದ್ದಿ ಇಲ್ಲ!"

ಮರುದಿನ ಇಂಗ್ಲಿಷ್ ಪಿರಿಯಡ್ಡಿಗೆ ಏಳನೆಯ ತರಗತಿ ಖಾಲಿಯಾಯಿತು. ನಮ್ಮ ಮೈದಾನ ಅಪ್ಪಟ ಎರೆ ಮಣ್ಣು. ಬಿಸಿಲಿಗೆ ಗಟ್ಟಿಯಾಗಿ ಕಪ್ಪಗೆ ಹರಡಿಕೊಂಡಿರುತ್ತದೆ. ಸರ್ ಅಂಕಣ ಗುರುತು ಹಾಕುವ ಸುಣ್ಣದ ಪುಡಿಯ ಬಕೆಟ್ಟು ಹಿಡಿದು ಒಂದೊಂದು ದಾಪುಗಾಲಿನ ಅಂತರದಲ್ಲಿ ಮೂರು ಉದ್ದನೆಯ ಗೆರೆ ಎಳೆದರು. ಮೊದಲನೆಯದರ ತಲೆಗೆ ನಿನ್ನೆ, ನಡುವಿನದಕ್ಕೆ ಇವತ್ತು, ಮೂರನೆಯದಕ್ಕೆ ನಾಳೆ ಎಂದು ಇಂಗ್ಲಿಷಿನಲ್ಲಿ ಬರೆದರು. ಸೀಟಿ ಊದಿ ಒಂದು ಕ್ರಿಯಾಪದ ಕೂಗುತ್ತಿದ್ದರು. "ರ‍್ಯಾನ್" ಎಂದರೆ ನಿನ್ನೆಯ ಗೆರೆಗೆ ಓಡಬೇಕು. "ವಿಲ್ ರನ್" ಎಂದರೆ ನಾಳೆಯ ಗೆರೆಗೆ. ತಪ್ಪಿದವರು ಔಟ್. ಔಟಾದವರು ಸುಮ್ಮನೆ ಕೂರುವಂತಿಲ್ಲ, ಮುಂದಿನ ಪದ ಕೂಗುವುದು ಅವರ ಕೆಲಸ.

ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಆರನೆಯ ತರಗತಿಯ ಮಕ್ಕಳೂ ನೋಡುತ್ತಿದ್ದರು, ಅವತ್ತಿನ ಕನ್ನಡ ಪಾಠ ಅಲ್ಲಿಗೇ ನಿಂತಿತು.

ಕೆಲವು ದಿನಗಳ ಮೇಲೆ ಒಂದು ತಮಾಷೆ ನಡೆಯಿತು. ಔಟಾಗಿದ್ದ ಹುಡುಗನೊಬ್ಬ "ಪುಟ್" ಎಂದು ಕೂಗಿದ. ಅರ್ಧ ಮಕ್ಕಳು ನಿನ್ನೆಗೆ ಓಡಿದರು, ಅರ್ಧ ಇವತ್ತಿಗೆ. ಪಲ್ಲವಿ ಒಬ್ಬಳೇ ಲಂಗ ಎತ್ತಿ ಹಿಡಿದು ಒಂದು ಕಾಲು ನಿನ್ನೆಯ ಗೆರೆಯ ಮೇಲೆ, ಇನ್ನೊಂದು ಇವತ್ತಿನ ಗೆರೆಯ ಮೇಲೆ ಇಟ್ಟು ಅಗಲವಾಗಿ ನಿಂತುಬಿಟ್ಟಳು. ಸುಭಾಸ ಸರ್‌ಗೂ ತಕ್ಷಣ ಹೊಳೆಯಲಿಲ್ಲ. ಜೇಬಿನಿಂದ ಫೋನ್ ತೆಗೆದು ನೋಡಿದರು. ಆ ಪದಕ್ಕೆ ನಿನ್ನೆಯೂ ಇವತ್ತೂ ಒಂದೇ ರೂಪ. ಅವರು ಊದಿದ ಸೀಟಿ ಊರ ತುದಿಯವರೆಗೂ ಕೇಳಿಸಿರಬೇಕು.

"ಪಲ್ಲವಿ ಒಬ್ಬಾಕೀ ಇನ್! ಉಳದವರೆಲ್ಲಾ ಔಟ್, ನಾನೂ ಔಟ್!"

ಅವತ್ತಿನಿಂದ "ಪುಣೇದಾಕಿ" ಎನ್ನುವ ಹೆಸರು ನಿಂತಿತು. ತಂಡ ಮಾಡುವಾಗ "ಪಲ್ಲವಿ ನಮ್ಮ ಕಡೆ, ನಮ್ಮ ಕಡೆ" ಎಂದು ಜಗಳ ಶುರುವಾಯಿತು. ನನ್ನ ಪಿರಿಯಡ್ಡಿನಲ್ಲೂ ಒಂದು ದಿನ ಅವಳು ಕೈ ಎತ್ತಿ, ಕನ್ನಡ ಪಾಠವನ್ನು ಎದ್ದು ನಿಂತು ಓದಿದಳು. ಎರಡು ಕಡೆ ಮರಾಠಿ ನುಸುಳಿತು. ಯಾರೂ ನಗಲಿಲ್ಲ. ಅವಳೇ ನಕ್ಕು, ತಿದ್ದಿಕೊಂಡು ಮುಂದೆ ಓದಿದಳು.

ಊರಿನಲ್ಲಿ ಮಾತ್ರ ಸುದ್ದಿ ಬೇರೆಯಾಗಿ ಹಬ್ಬಿತು. ಇಂಗ್ಲಿಷ್ ತಾಸಿನಲ್ಲಿ ಮಾಸ್ತರ ಮಕ್ಕಳನ್ನು ಬಿಸಿಲಿಗೆ ಓಡಿಸುತ್ತಾನೆ ಎಂದು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನೊಳಗೆ ಬಂದಳು.

"ಯಾರವಾ ಅಂವ ಓಡಸೂ ಮಾಸ್ತರ? ನಮ್ಮ ಹುಡುಗಿ ನಾಕು ಅಕ್ಷರ ಇಂಗ್ಲಿಷ್ ಕಲೀಲಿ ಅಂತ ಸಾಲಿಗೆ ಕಳಸ್ತೇನಿ. ಓಡೂದು ಕಲಿಸಾಕ ನಮ್ಮ ಮನ್ಯಾಗ ಆಡು ಅದಾವು!"

ಸುಭಾಸ ಸರ್ ಮುಂದೆ ಬಂದರು. "ಬರ್ರಿ ಆಯಿ, ನೀವ ನೋಡ್ರಿ" ಎಂದು ಪಲ್ಲವಿಯನ್ನು ಕರೆದರು. ಪಲ್ಲವಿ ಅಜ್ಜಿಯ ಮುಂದೆ ಬಂದು ನಿಂತಳು. ನಾಚಿಕೆಯಿಂದ ಒಂದು ಸಲ ಕಾಲು ನೋಡಿಕೊಂಡಳು. ಆಮೇಲೆ ಕಟ್ಟೆಯ ಕಡೆ ಕೈ ತೋರಿಸಿ ಹೇಳಿದಳು: "ಗ್ರ್ಯಾಂಡ್‌ಮದರ್, ಪ್ಲೀಸ್ ಸಿಟ್ ಹಿಯರ್. ಡೋಂಟ್ ಬಿ ಆಂಗ್ರಿ. ಡ್ರಿಂಕ್ ಸಮ್ ವಾಟರ್."

ಗುಂಡವ್ವ ಕೈ ತೋರಿಸಿದ ಕಡೆ ಹೋಗಿ ಕುಳಿತೇಬಿಟ್ಟಳು. ಒಬ್ಬ ಹುಡುಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಕುಡಿದ ಮೇಲೆ ಗುಂಡವ್ವನಿಗೆ ನೆನಪಾಯಿತು. "ಅಲ್ಲ, ಈಕಿ ಏನಂದ್ಳು?"

"ನೀವು ಏನು ಮಾಡಿದ್ರಿ, ಅದನ್ನ ಅಂದ್ಳು ಆಯಿ" ಎಂದರು ಸುಭಾಸ ಸರ್.

ಗುಂಡವ್ವ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಸಿಟ್ಟಾಗಬ್ಯಾಡ ಅಂತನೂ ಅಂದ್ಳೇನು?" ಎಂದು ಕೇಳಿ, ಎದ್ದು, "ಹಂಗಾರ ಓಡಸ್ರಿ. ಇನ್ನೊಂದೀಟು ಜೋರ ಓಡಸ್ರಿ" ಎಂದು ಹೇಳಿ ಹೋದಳು.

ಎಲ್ಲವೂ ಇಷ್ಟು ಸಲೀಸಾಗಿ ನಡೆದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ ತಾಲ್ಲೂಕಿನಿಂದ ಅನೀಲಕುಮಾರ ಸಾಹೇಬರು ಬಂದರು. ಶಾಲೆಗಳ ಇಂಗ್ಲಿಷ್ ಪಾಠ ನೋಡಿ ವರದಿ ಕೊಡುವುದು ಅವರ ಕೆಲಸ. ಮೈದಾನದ ಆಟ ನೋಡಿದರು, ಮಕ್ಕಳನ್ನು ಮಾತಾಡಿಸಿದರು, ಸಂತೋಷಪಟ್ಟರು. ಆಮೇಲೆ ಉತ್ತರ ಪತ್ರಿಕೆಗಳನ್ನು ತೆಗೆದರು. ಅವರ ಮುಖದ ಮೇಲಿನ ನಗು ಒಂದೊಂದೇ ಹಾಳೆಗೆ ಇಳಿಯುತ್ತ ಹೋಯಿತು. ಬಾಯಲ್ಲಿ ಪಟಪಟ ಬರುವ ಮಾತು ಹಾಳೆಯ ಮೇಲೆ ಅಡ್ಡಾದಿಡ್ಡಿ ಬಿದ್ದಿತ್ತು. ಅರ್ಧ ಮಕ್ಕಳಿಗೆ ಒಂದು ಸಾಲು ತಪ್ಪಿಲ್ಲದೆ ಬರೆಯಲು ಬಂದಿರಲಿಲ್ಲ.

"ಸರ್, ಮಾತು ಐತಿ, ಅಕ್ಷರ ಇಲ್ಲ. ಮುಂದ ಹೈಸ್ಕೂಲಿಗೆ ಹೋದ್ರ ಇವ್ರನ್ನ ಓಡ್ಸಿ ನೋಡೂದಿಲ್ಲ, ಬರಸಿ ನೋಡ್ತಾರ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದರಿಂದಲೇ ಹೆಚ್ಚು ನೋವಾಯಿತು.

ಅವರು ಹೋದ ಮೇಲೆ ಮುಕ್ತಾಬಾಯಿ ಸುಭಾಸ ಸರ್ ಅನ್ನು ಕರೆದರು. "ಇನ್ನ ಒಳಗ ಕೂತು ಪಾಠ ಮಾಡ್ರಿ. ನಾಳೆ ಮ್ಯಾಲಿನವ್ರು ಕೇಳೂದು ನನ್ನನ್ನ."

ಸುಭಾಸ ಸರ್ ಆ ಸಂಜೆ ಮೈದಾನದ ಸುತ್ತ ಒಬ್ಬರೇ ನಡೆದರು. ಮರುದಿನ ಬೆಳಿಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಆಫೀಸಿನ ಬಾಗಿಲಲ್ಲಿ ನಿಂತಿದ್ದರು.

"ಬಾಯಾರ, ಸಾಹೇಬ್ರು ಹೇಳಿದ್ದು ಖರೆ ಐತಿ. ನಾ ಅರ್ಧ ಆಟ ಕಲಿಸೇನಿ. ಉಳದರ್ಧ ಕಲಸಾಕ ನನಗ ಜನವರಿ ತನಕ ಟೈಮ್ ಕೊಡ್ರಿ. ಆಗಲಿಲ್ಲ ಅಂದ್ರ ನಾನ ಪುಸ್ತಕ ತಂದು ನಿಮ್ಮ ಟೇಬಲ್ ಮ್ಯಾಲ ಇಡ್ತೇನಿ."

ಮುಕ್ತಾಬಾಯಿ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, "ಜನವರಿ ಅಂದ್ರ ಜನವರಿ" ಎಂದರು.

ಶಾಲೆಯ ನೀರಿನ ಟಾಕಿಯ ಗೋಡೆ ಮೈದಾನಕ್ಕೆ ಮುಖ ಮಾಡಿತ್ತು. ಸುಭಾಸ ಸರ್ ದೀಪಾವಳಿ ರಜೆಯಲ್ಲಿ ತಾವೇ ಬಂದು ಅದಕ್ಕೆ ಕಪ್ಪು ಬಣ್ಣ ಬಳಿದರು. ಮಡದಿ ಸುಜಾತಾ ಕೂಡ ಒಂದು ಬ್ರಶ್ ಹಿಡಿದಿದ್ದರು. ರಜೆ ಮುಗಿದ ಮೇಲೆ ಹೊಸ ನಿಯಮ ಬಂತು. ಪ್ರತಿದಿನ ಆಟ ಮುಗಿದ ತಕ್ಷಣ, ಗೆದ್ದ ತಂಡದವರು ಆ ಆಟದ ವರದಿಯನ್ನು ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಸೋತವರು ಅದರಲ್ಲಿ ತಪ್ಪು ಹುಡುಕಬೇಕು. ಸಿಕ್ಕ ಒಂದೊಂದು ತಪ್ಪಿಗೆ ಸೋತವರಿಗೆ ಒಂದೊಂದು ಪಾಯಿಂಟು. ಹಾಗೆ ಗಳಿಸಿ ಗಳಿಸಿ ಸೋತವರೇ ಗೆದ್ದುಬಿಡಬಹುದು.

ಮಕ್ಕಳು ಗೋಡೆಗೆ ಮೂಗು ಹಚ್ಚಿ ಓದತೊಡಗಿದರು! ಒಂದು ಅಕ್ಷರ ಬಿಟ್ಟಿದ್ದರೂ ಹದ್ದಿನ ಹಾಗೆ ಎರಗುತ್ತಿದ್ದರು. ಪದಕೋಶದ ಒಂದೇ ಪ್ರತಿ ಇತ್ತು, ಅದಕ್ಕೆ ಸಾಲು ಹಚ್ಚುತ್ತಿದ್ದರು. ಬರೆಯುವವರೂ ಹುಷಾರಾದರು. ಮೊದಮೊದಲು ಎರಡು ಸಾಲಿನಲ್ಲಿ ಮುಗಿಸುತ್ತಿದ್ದವರು ತಪ್ಪು ಮಾಡುವ ಭಯವಿದ್ದರೂ ಸುಮ್ಮನಿರಲಾರದೆ ಉದ್ದುದ್ದ ಬರೆಯತೊಡಗಿದರು, ಏಕೆಂದರೆ ತಾವು ಹೇಗೆ ಗೆದ್ದೆವೆಂದು ಹೇಳುವ ಆಸೆ ಯಾರಿಗಿಲ್ಲ? ಒಂದು ದಿನ ಆಟದ ನಡುವೆ ಊರ ನಾಯಿಯೊಂದು ಅಂಕಣಕ್ಕೆ ನುಗ್ಗಿತು. ಪಲ್ಲವಿ ಅವತ್ತಿನ ವರದಿಯಲ್ಲಿ, ಎಲ್ಲರಿಗಿಂತ ಚೆನ್ನಾಗಿ ಓಡಿದ್ದು ಆ ನಾಯಿ, ಅದನ್ನು ಯಾರಿಗೂ ಮುಟ್ಟಲಾಗಲಿಲ್ಲ, ಅದು ನಾಳೆಯೂ ಬರುವುದೆಂದು ನಮ್ಮ ನಂಬಿಕೆ ಎಂದು ಬರೆದಿದ್ದಳು. ನಿನ್ನೆ, ಇವತ್ತು, ನಾಳೆ ಮೂರೂ ಅದರಲ್ಲಿದ್ದವು. ಸೋತ ತಂಡ ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ. ಮುಕ್ತಾಬಾಯಿ ಅಂದು ಸಂಜೆ ಗೋಡೆಯ ಮುಂದೆ ಒಬ್ಬರೇ ನಿಂತು ನಗುತ್ತಿದ್ದದ್ದನ್ನು ನಾನು ನೋಡಿದೆ.

ಸಂಕ್ರಾಂತಿಯಾದ ಮೇಲೆ ಅನೀಲಕುಮಾರ ಸಾಹೇಬರು ಹೇಳದೆ ಕೇಳದೆ ಬಂದರು. ಮೋಟಾರ್ ಸೈಕಲ್ ನಿಲ್ಲಿಸಿ ನೇರ ಗೋಡೆಯ ಹತ್ತಿರ ಹೋದರು. ಓದುತ್ತ ಓದುತ್ತ ಬೆರಳಿಟ್ಟು, "ಇಲ್ಲೊಂದು ತಪ್ಪೈತಿ ನೋಡ್ರಿ" ಎಂದರು. ಸೋತ ತಂಡದ ಮಕ್ಕಳು ಹೋ ಎಂದು ಕುಣಿದರು. "ಸಾಹೇಬ್ರು ನಮ್ಮ ಕಡೆ! ನಮಗ ಒಂದು ಪಾಯಿಂಟ್!" ಸಾಹೇಬರು ಕಕ್ಕಾಬಿಕ್ಕಿಯಾಗಿ ನಿಂತರು, ಆಮೇಲೆ ಜೋರಾಗಿ ನಕ್ಕರು. ಹಾಳೆ ಹಂಚಿ ಅಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿದರು. ಎಲ್ಲರದೂ ನೋಡಿ ಮುಗಿಸಿ ಸುಭಾಸ ಸರ್ ಕೈ ಹಿಡಿದು ಕುಲುಕಿದರು.

"ಮುಂದಿನ ತಿಂಗಳ ಸಿಂದಗಿಯೊಳಗ ಇಂಗ್ಲಿಷ್ ಮಾಸ್ತರರ ಸಭಾ ಐತಿ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಿಂದನೂ ಬರ್ತಾರ. ಇದನ್ನ ಅಲ್ಲಿ ನೀವ ಹೇಳಬೇಕು. ಇಂಗ್ಲಿಷ್‌ನಾಗ."

ಸುಭಾಸ ಸರ್ ಮುಖ ಜೂನ್ ತಿಂಗಳಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದಾಗ ಇದ್ದ ಹಾಗಾಯಿತು. ಆದರೆ ಈ ಸಲ ಬೇಡ ಎನ್ನಲಿಲ್ಲ. "ಹುಡುಗೂರನ್ನ ಕರಕೊಂಡ ಬರ್ಲೇನ್ರಿ?" ಎಂದಷ್ಟೇ ಕೇಳಿದರು.

ಸಭೆಯ ದಿನ ಎರಡು ಟಂಟಂ ಗಾಡಿ ತುಂಬ ಏಳನೆಯ ತರಗತಿ ಸಿಂದಗಿಗೆ ಹೊರಟಿತು. ಮುಕ್ತಾಬಾಯಿ, ನಾನು, ಸುಣ್ಣದ ಪುಡಿಯ ಚೀಲ ಎಲ್ಲ ಅದರಲ್ಲೇ. ಸಭಾಂಗಣದ ತುಂಬ ಮಾಸ್ತರರು, ಟೀಚರುಗಳು. ನಮಗಿಂತ ಮುಂಚೆ ಮಾತಾಡಿದವರು ಪರದೆಯ ಮೇಲೆ ಚಿತ್ರ ತೋರಿಸಿ ಸೊಗಸಾಗಿ ಇಂಗ್ಲಿಷ್ ಮಾತಾಡಿದರು. ಸುಭಾಸ ಸರ್ ಸರದಿ ಬಂತು. ಇಸ್ತ್ರಿ ಮಾಡಿದ ಅಂಗಿ, ಅದೇ ಬಿಳಿ ಬೂಟು. ಮೈಕಿನ ಮುಂದೆ ನಿಂತು ತಮ್ಮ ಹೆಸರು, ಊರು, ಶಾಲೆ ಹೇಳಿದರು. ಮೂರನೆಯ ವಾಕ್ಯದ ನಡುವೆ ನಿಂತುಬಿಟ್ಟರು. ಮನೆಯಲ್ಲಿ ಸುಜಾತಾ ಅವರ ಮುಂದೆ ಎಷ್ಟೋ ಸಲ ಹೇಳಿ ಕಂಠಪಾಠ ಮಾಡಿದ್ದ ಮಾತು ಹಾರಿಹೋಗಿತ್ತು. ಹಿಂದೆ ಎಲ್ಲೋ ಯಾರೋ ಕಿಸಕ್ಕನೆ ನಕ್ಕರು. ನನ್ನ ಪಕ್ಕದಲ್ಲಿ ಮುಕ್ತಾಬಾಯಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಸುಭಾಸ ಸರ್ ಒಂದು ಉಸಿರು ಎಳೆದುಕೊಂಡು ಮೈಕು ಪಕ್ಕಕ್ಕೆ ಸರಿಸಿದರು. ಅವರ ದನಿಗೆ ಮೈಕು ಬೇಕಿರಲಿಲ್ಲ.

"ಮುಂದಿಂದು ನನಗ ಇಲ್ಲಿ ನಿಂತು ಹೇಳಾಕ ಬರೂದಿಲ್ಲ. ಹೊರಗ ಬರ್ರಿ, ತೋರಸ್ತೇನಿ. ಎಲ್ಲಾರೂ ಬರ್ರಿ!"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಎದ್ದವರು ಅನೀಲಕುಮಾರ ಸಾಹೇಬರು. ಅವರ ಹಿಂದೆ ಕುರ್ಚಿಗಳ ಸದ್ದಾಯಿತು.

ಹೊರಗಿನ ಬಯಲಿನಲ್ಲಿ ನಮ್ಮ ಮಕ್ಕಳು ಆಗಲೇ ಮೂರು ಗೆರೆ ಎಳೆದಿದ್ದರು. ಪಲ್ಲವಿಯ ಕೊರಳಲ್ಲಿ ಸೀಟಿ. ಅವಳು ನಾಲ್ಕು ತಾಲ್ಲೂಕಿನ ಮಾಸ್ತರರ ಮುಂದೆ ನಿಂತು ಇಂಗ್ಲಿಷಿನಲ್ಲಿ ಆಟದ ನಿಯಮ ವಿವರಿಸಿದಳು. ತಡವರಿಸದೆ, ಗಿಣಿಪಾಠದ ಹಾಗೂ ಅಲ್ಲದೆ, ತನಗೆ ಗೊತ್ತಿರುವ ಆಟವನ್ನು ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಇಂಗಳೇಶ್ವರದ ಕಡೆಯ ಹಿರಿಯ ಟೀಚರೊಬ್ಬರು ಅವಳಿಗೆ ಏನೋ ಪ್ರಶ್ನೆ ಕೇಳಿದರು. ಅದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಸೀಟಿ ಊದಿದಳು.

"ಏಟ್!"

ಮಾಸ್ತರರು ನಿನ್ನೆಯ ಗೆರೆಗೆ ಓಡಿದರು. ಸೀರೆ ಎತ್ತಿ ಹಿಡಿದು ಟೀಚರುಗಳು ಓಡಿದರು. ನಾನೂ ಓಡಿದೆ. ಒಬ್ಬರು ಇವತ್ತಿನಿಂದ ನಿನ್ನೆಗೆ ಹೋಗುವಾಗ ಚಪ್ಪಲಿ ಕಳಚಿಕೊಂಡರು. "ವಿಲ್ ಈಟ್!" ಎಲ್ಲರೂ ನಾಳೆಗೆ ನುಗ್ಗಿದೆವು. ಬದಿಯಲ್ಲಿ ನಮ್ಮ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಕಾಮೆಂಟರಿ ಶುರು ಮಾಡಿದ್ದ. ನಗು, ಧೂಳು, ಗದ್ದಲ. ಆಗ ಪಲ್ಲವಿ ಮತ್ತೆ ಸೀಟಿ ಊದಿ ಹೇಳಿದಳು: "ಪುಟ್!"

ದೊಡ್ಡ ಗುಂಪು ಇವತ್ತಿನ ಗೆರೆಯ ಮೇಲೆ ನಿಂತಿತು. ಕೆಲವರು ನಿನ್ನೆಗೆ ಹೋಗಿ ಮರಳಿ ಬಂದರು. ಗುಂಪಿನ ನಡುವೆ ಮುಕ್ತಾಬಾಯಿ ಒಬ್ಬರೇ, ನಿರಿಗೆ ಹಿಡಿದುಕೊಂಡು, ಎರಡು ಗೆರೆಗಳ ಮೇಲೆ ಒಂದೊಂದು ಕಾಲಿಟ್ಟು ನೆಟ್ಟಗೆ ನಿಂತಿದ್ದರು. ಶಾಲೆಯಲ್ಲಿ ಅವರೂ ನನ್ನ ಹಾಗೆ ಕಿಟಕಿಯಿಂದ ನೋಡುತ್ತಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

"ಓನ್ಲಿ ಮುಕ್ತಾ ಮೇಡಮ್ ಈಸ್ ಇನ್!" ಎಂದು ಪಲ್ಲವಿ ಕೂಗಿದಳು. ನಮ್ಮ ಮಕ್ಕಳು ಚಪ್ಪಾಳೆ ಹೊಡೆದರು, ಆಮೇಲೆ ಬಯಲಿಗೆ ಬಯಲೇ ಹೊಡೆಯಿತು.

ಗದ್ದಲ ಇಳಿದ ಮೇಲೆ ಒಬ್ಬ ಮಾಸ್ತರರು ಸುಭಾಸ ಸರ್ ಅನ್ನು ಇಂಗ್ಲಿಷಿನಲ್ಲೇ ಕೇಳಿದರು, ಇದು ನಿಮಗೆ ಹೇಗೆ ಹೊಳೆಯಿತು ಎಂದು. ಸುಭಾಸ ಸರ್ ಉತ್ತರಿಸಿದರು. ತಮ್ಮ ಸೋಲು, ಆ ಗೈಡು, ಆ ತಪ್ಪಾದ ಪದ, ಆ ಗೋಡೆ, ಆ ನಾಯಿ ಎಲ್ಲವನ್ನೂ ಹೇಳಿದರು. ಎರಡು ಕಡೆ ವ್ಯಾಕರಣ ತಪ್ಪಿತು. ಹಿಂದಿನಿಂದ ನಮ್ಮ ಹುಡುಗನೊಬ್ಬ "ಒಂದು ಪಾಯಿಂಟ್ ಸರ್ರ!" ಎಂದ. ಅವರು ತಿದ್ದಿಕೊಂಡು ಮುಂದೆ ಹೇಳಿದರು. ಎಷ್ಟು ಹೊತ್ತು ಮಾತಾಡಿದರೋ, ಮುಗಿಸಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಟೀಚರ್, ಅಷ್ಟೂ ಇಂಗ್ಲಿಷ್‌ನಾಗ ಆತೇನ್ರಿ?"

"ಅಷ್ಟೂ ಇಂಗ್ಲಿಷ್‌ನಾಗ ಆತ್ರಿ" ಎಂದೆ.

ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಸುಣ್ಣದ ಚೀಲ ಹಿಡಿದಿದ್ದ ಕೈ, ಮುಖವೆಲ್ಲ ಬೆಳ್ಳಗಾಯಿತು. ಮಕ್ಕಳು ಅದನ್ನು ನೋಡಿ ನಗುತ್ತ ಅವರ ಸುತ್ತ ಮುತ್ತಿಕೊಂಡರು.

ಮರಳಿ ಬರುವಾಗ ದಾರಿಯುದ್ದಕ್ಕೂ ಟಂಟಂ ಒಳಗಿನಿಂದ ಕೂಗು. ಕಂಡ ಎಮ್ಮೆ, ಕಂಡ ಕಬ್ಬಿನ ಟ್ರ್ಯಾಕ್ಟರು, ಕಂಡ ಬಿಳಿಜೋಳದ ಹೊಲ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ. ಮೋರಟಗಿಯಲ್ಲಿ ಸುಭಾಸ ಸರ್ ಇಳಿದು ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದರು.

ವಾರ್ಷಿಕ ಪರೀಕ್ಷೆಯಲ್ಲಿ ಏಳನೆಯ ತರಗತಿಯ ಎಲ್ಲ ಮಕ್ಕಳೂ ಇಂಗ್ಲಿಷಿನಲ್ಲಿ ಪಾಸಾದರು. ಪಲ್ಲವಿ ಈಗ ಮೋರಟಗಿಯ ಹೈಸ್ಕೂಲಿನಲ್ಲಿದ್ದಾಳೆ. ಬಾಗೇವಾಡಿ ಕಡೆಯಿಂದ, ಇಂಡಿ ಕಡೆಯಿಂದ ಮಾಸ್ತರರು ಸುಭಾಸ ಸರ್‌ಗೆ ಫೋನ್ ಮಾಡಿ ಗೆರೆಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂದು ಕೇಳುತ್ತಾರೆ.

ಈ ಜೂನಿನಲ್ಲಿ ನಮಗೆ ಹೊಸ ಇಂಗ್ಲಿಷ್ ಶಿಕ್ಷಕರು ಬಂದರು. ಶ್ರೀವಲ್ಲಭ ಎಂದು, ಚಿಕ್ಕ ವಯಸ್ಸಿನವರು, ಚೆನ್ನಾಗಿ ಕಲಿತವರು. ಮುಕ್ತಾಬಾಯಿ ವೇಳಾಪಟ್ಟಿ ಬರೆಯುತ್ತ, "ಸುಭಾಸ ಸರ್, ಇನ್ನ ನಿಮಗ ಬಿಡುಗಡಿ" ಎಂದರು. ಸುಭಾಸ ಸರ್ ತಲೆಯಾಡಿಸಿದರು. ಆದರೆ ಹೇಳಬೇಕಾದವರು ಹೇಳಿದರು. ಒಂದು ವರ್ಷ ನನ್ನ ಕಿಟಕಿಯಿಂದ ಬರೀ ನೋಡಿಕೊಂಡೇ ಕಳೆದಿದ್ದ ಮಕ್ಕಳು ಈಗ ಏಳನೆಯ ತರಗತಿಗೆ ಬಂದಿದ್ದರಲ್ಲ, ಅವರೆಲ್ಲ ಆಫೀಸಿನ ಬಾಗಿಲಿಗೆ ಬಂದು ನಿಂತರು.

"ನಮ್ಮ ಪಾಳಿ ಬಂದಾಗ ಆಟ ಬಂದ್ ಮಾಡ್ತೀರೇನ್ರಿ ಬಾಯಾರ?"

ಮುಕ್ತಾಬಾಯಿ ತಲೆ ಎತ್ತುವಷ್ಟರಲ್ಲಿ ಶ್ರೀವಲ್ಲಭ ಸರ್ ಎದ್ದು ನಿಂತರು. "ಸುಭಾಸ ಸರ್, ನನ್ನ ತಾಸಿನಾಗ ನೀವೂ ಬರ್ರಿ. ನನಗ ಖೋ-ಖೋ ಬರೂದಿಲ್ಲ, ಕಲಿಸ್ತೀರೇನು?"

"ಬೂಟು ಅದಾವೇನ್ರಿ?" ಎಂದು ಸುಭಾಸ ಸರ್ ಕೇಳಿದರು.

ಮುಕ್ತಾಬಾಯಿ ವೇಳಾಪಟ್ಟಿಯ ಆ ಮನೆಯಲ್ಲಿ ಇಬ್ಬರ ಹೆಸರನ್ನೂ ಬರೆದರು.